ಕಡ್ಡಿರಾಂಪುರದ ಕ್ಯಾಬರೆ ಪರಿಶೀಲನೆ

ಸಾರ್ವಜನಿಕರು ನೋಡಬಹುದೋ ಬಾರದೋ ಎಂದು ತೀರ್ಮಾನವಾಗದ ಯಾವುದೇ ಪ್ರದರ್ಶನವನ್ನು ಸಾರ್ವಜನಿಕರ ಸಮ್ಮುಖದಲ್ಲಿಯೇ, ಆದರೆ ಸಾರ್ವಜನಿಕರು ನೋಡದಂತೆ, ಪರಿಶೀಲಿಸತಕ್ಕದ್ದು ಎಂಬ ನಿಯಮವಿದೆ. ಆದ್ದರಿಂದ ಕಡ್ಡಿರಾಂಪುರದ ‘ಅಂಚಿನ ರಂಗೋತ್ಸವ’ದಲ್ಲಿ ಪ್ರೇಕ್ಷಕರ ಕುರ್ಚಿಗಳನ್ನು ರಂಗಕ್ಕೆ ಬೆನ್ನು ಮಾಡಿ ಹಾಕಿದ್ದರಲ್ಲಿ ಅಸಹಜವಾದದ್ದೇನೂ ಇರಲಿಲ್ಲ.

ಕಂಪ್ಲಿಯ ಮರುಳಸಿದ್ದಮ್ಮನವರಿಗೆ ಮಾತ್ರ ಇದು ಹೊಸದು. ಹೊಸಪೇಟೆಗೆ ಕಣ್ಣು ತೋರಿಸಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಅವರು ಬಂದದ್ದು ಮಗಳು ತ್ರಿವೇಣಿಯ ಕ್ಯಾಬರೆ ನೋಡಲು. ತ್ರಿವೇಣಿ ತೋರಣಗಲ್ಲಿನಲ್ಲಿ ನೌಕರಿ ಮಾಡುತ್ತಾಳೆಂಬುದು ಅವಳಪ್ಪನಿಗೂ ಗೊತ್ತು. ರಜೆಯ ದಿನ ಗರಿಯ ಟೋಪಿ ಹಾಕಿಕೊಂಡು, ಹಾಡಿ ಕುಣಿದು ಜನರನ್ನು ನಗಿಸುತ್ತಾಳೆಂಬುದು ಅವ್ವನಿಗೆ ಮಾತ್ರ ಗೊತ್ತು.

“ಕುರ್ಚಿ ತಿರುವಿ ಹಾಕ್ಯಾರಲ್ರೀ,” ಎಂದರು ಮರುಳಸಿದ್ದಮ್ಮ.

“ಸರಿಯಾಗೇ ಹಾಕೇವ್ರಿ ಅಮ್ಮಾ,” ಎಂದ ಇಲಾಖೆಯ ನೋಡಲ್ ಅಧಿಕಾರಿ ಜಂಬಪ್ಪ. “ಕ್ಯಾಬರೆ ಅಂದ್ರ ಏನಂತ ಇಲಾಖೆಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಜನಕ್ಕ ತೋರಿಸೂ ಹಂಗಿಲ್ಲ. ಮೊದಲು ಗಣ್ಯರ ಸಮಿತಿ ನೋಡತೈತಿ.”

“ಹಂಗಾದ್ರ ನಮಗ ಟಿಕೆಟ್ ಯಾಕ ಕೊಟ್ರಿ?”

“ಪ್ರೇಕ್ಷಕರಿಲ್ಲದ್ದು ಪ್ರದರ್ಶನ ಅಲ್ರೀ. ಪ್ರದರ್ಶನ ಅಲ್ಲದ್ದನ್ನ ಪರಿಶೀಲನೆ ಮಾಡಾಕ ಬರಂಗಿಲ್ಲ. ಕುಂದ್ರಿ.”

“ಹಾಡು ಕೇಳಬಹುದೇನು?”

ಜಂಬಪ್ಪ ಆಕಾಶ ನೋಡಿದ. “ಕಿವಿ ಬಗ್ಗೆ ಇನ್ನೂ ಆದೇಶ ಬಂದಿಲ್ರಿ. ಬರೋತನಕ ಕೇಳ್ರಿ.”

ಪ್ರೇಕ್ಷಕರ ಎದುರಿಗೆ ಒಂದು ಸೋಫಾ ಇತ್ತು. ರಂಗದ ಕಡೆ ಮುಖ ಮಾಡಿದ್ದ ಆಸನ ಅದೊಂದೇ. ಅದರ ಮೇಲೆ ಸಮಿತಿಯ ಗಣ್ಯರು ಬಂದು ಕೂತರು. ನಡುವೆ ಕೂತವರು ಉತ್ಸವದ ಊಟಕ್ಕೆ ಅಕ್ಕಿ ಕೊಟ್ಟು ಅಧ್ಯಕ್ಷರಾದ ರೈಸ್‌ಮಿಲ್ ಮಾಲೀಕ ವಿರೂಪಾಕ್ಷಪ್ಪ, ಅಂದರೆ ಮರುಳಸಿದ್ದಮ್ಮನವರ ಯಜಮಾನರು. ಬೆಳಿಗ್ಗೆ ಬುಕ್ಕಸಾಗರಕ್ಕೆ ಭತ್ತ ನೋಡಲು ಹೋಗುತ್ತೇನೆಂದು ಹೇಳಿ ಹೊರಟಿದ್ದವರು.

ಗಂಡ ಹೆಂಡತಿ ಮುಖಾಮುಖಿಯಾದರು.

“ಕಣ್ಣು ತೋರಿಸಿದೇನು?” ಎಂದರು ವಿರೂಪಾಕ್ಷಪ್ಪ.

“ಇನ್ನೂ ಇಲ್ರಿ. ಭತ್ತ ನೋಡಿದ್ರೇನು?”

“ಇನ್ನೂ ಇಲ್ಲ.”

ಅಷ್ಟರಲ್ಲಿ ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು. “ಪ್ರೇಕ್ಷಕರ ಗಮನಕ್ಕೆ. ಯಾರೂ ಹಿಂದಕ್ಕೆ ತಿರುಗತಕ್ಕದ್ದಲ್ಲ. ಕುತ್ತಿಗೆ ನೋವಿರುವವರು ವೈದ್ಯರ ಪ್ರಮಾಣಪತ್ರ ಹಾಜರುಪಡಿಸಿ ಅರ್ಧ ಮಾತ್ರ ತಿರುಗಬಹುದು. ಚಪ್ಪಾಳೆಯನ್ನು ಸಮಿತಿಯ ದಿಕ್ಕಿಗೆ ತಟ್ಟತಕ್ಕದ್ದು.”

ಬೆನ್ನ ಹಿಂದೆ ಕಹಳೆ ಮೊಳಗಿತು, ಕೀಬೋರ್ಡ್ ಕುಣಿಯಿತು. ವಿರೂಪಾಕ್ಷಪ್ಪನವರ ಬಾಯಿ ತೆರೆದುಕೊಂಡಿತು. ಮಗಳು ರಂಗಕ್ಕೆ ಬಂದಳೆಂದು ಮರುಳಸಿದ್ದಮ್ಮನವರಿಗೆ ತಿಳಿದದ್ದು ಹಾಗೆ. ಹಾಡು ಒಂದು ಕ್ಷಣ ತಡವರಿಸಿತು. ಅವಳೂ ಅಪ್ಪನನ್ನು ನೋಡಿದಳು ಎಂದುಕೊಂಡರು ಅವ್ವ, ಸೆರಗು ಮುದ್ದೆ ಮಾಡಿ ಹಿಡಿದರು. ಯಜಮಾನರ ಕಿವಿ ಕೆಂಪಾಯಿತು, ಮೀಸೆ ಸೆಟೆಯಿತು. ಸೋಫಾದ ಕೈ ಹಿಡಿದು ಎದ್ದೇಬಿಟ್ಟರು. ಇನ್ನು ಮಗಳ ನೌಕರಿ, ಹಾಡು, ಟೋಪಿ ಎಲ್ಲ ಇವತ್ತೇ ಕಂಪ್ಲಿಯ ಮನೆಯ ಅಟ್ಟ ಸೇರುತ್ತವೆ!

“ಕುಂದ್ರೀ ಸಾವ್ಕಾರ್ರ!” ಮುಂದಿನ ಸಾಲಿನಿಂದ ಯಾರೋ ಕೂಗಿದರು. “ನೀವು ಎದ್ದು ಹೋದ್ರ ನಾವೇನು ನೋಡೂದು?”

ಮಾತು ನ್ಯಾಯವಾಗಿತ್ತು. ವಿರೂಪಾಕ್ಷಪ್ಪ ಕೂತರು.

ತ್ರಿವೇಣಿ ಹಾಡು ಬದಲಿಸಿದಳು. ಒಬ್ಬ ಮಿಲ್ ಮಾಲೀಕ. ಹಮಾಲರ ಮೇಲೆ ಗುಡುಗುತ್ತಾನೆ, ಲಾರಿಯವರ ಮೇಲೆ ಸಿಡಿಯುತ್ತಾನೆ, ಮಗಳ ಫೋನ್ ಬಂದರೆ ಮಾತ್ರ ಅಕ್ಕಿಮೂಟೆಗಳ ಹಿಂದೆ ಹೋಗಿ, ಯಾರಿಗೂ ಕೇಳದಂತೆ, “ಉಂಡೇನವಾ?” ಅನ್ನುತ್ತಾನೆ. ಗುಡುಗು ಥೇಟ್ ವಿರೂಪಾಕ್ಷಪ್ಪನವರದೇ. ಅವರ ಮೀಸೆ ಅದುರಿತು. ಹೊಟ್ಟೆ ಕುಲುಕಿತು. ತಡೆಯಲು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು, “ಉಂಡೇನವಾ?” ಬಂದಾಗ ಅದೇ ಟವೆಲ್ ಕಣ್ಣಿಗೆ ಹೋಯಿತು. ಜನ ಸಿಳ್ಳೆ ಹಾಕಿದರು.

ಮರುಳಸಿದ್ದಮ್ಮ ರೆಪ್ಪೆ ಬಡಿಯದೆ ನೋಡಿದರು. ಗಂಡನ ಮುಖವನ್ನು ಇಷ್ಟು ಹೊತ್ತು ಎದುರಿಗೆ ಕೂತು ಅವರು ಎಂದೂ ನೋಡಿರಲಿಲ್ಲ. ಬಡಿಸುವಾಗ ನೋಡುವುದು ತಟ್ಟೆಯನ್ನು. ಇಷ್ಟೆಲ್ಲ ಈ ಮುಖದೊಳಗಿತ್ತೇ ಎಂದು ಅವರಿಗೆ ಆಶ್ಚರ್ಯವಾಯಿತು, ಸ್ವಲ್ಪ ಸಿಟ್ಟೂ ಬಂತು.

ಸಮಿತಿ ಒಮ್ಮತದಿಂದ ತೀರ್ಮಾನಿಸಿತು. ಜಂಬಪ್ಪ ಘೋಷಿಸಿದ: “ಪ್ರದರ್ಶನವು ನೋಡಲು ಯೋಗ್ಯವಾಗಿದೆ. ನಾಳೆಯಿಂದ ಕುರ್ಚಿಗಳನ್ನು ರಂಗದ ಕಡೆ ತಿರುಗಿಸಲಾಗುವುದು.”

ಗದ್ದಲವೆದ್ದಿತು.

“ಕುರ್ಚಿ ಮುಟ್ಟಬ್ಯಾಡ್ರಿ! ಸಾವ್ಕಾರ್ರನ್ನ ನೋಡಾಕ ನಾಳೆ ಮನಿಮಂದಿನೆಲ್ಲ ಕರ್ಕೊಂಡು ಬರ್ತೀವಿ!”

ಜನಾಭಿಪ್ರಾಯವನ್ನು ಇಲಾಖೆ ಕಡೆಗಣಿಸುವುದಿಲ್ಲ. ಯೋಗ್ಯತಾ ಪತ್ರವನ್ನು ಸಾರ್ವಜನಿಕ ಹಿತದೃಷ್ಟಿಯಿಂದ ತಡೆಹಿಡಿಯಲಾಯಿತು. ಉತ್ಸವ ಮುಗಿಯುವವರೆಗೂ ಪರಿಶೀಲನೆ ಮುಂದುವರಿಯತಕ್ಕದ್ದೆಂದು ಆದೇಶವಾಯಿತು. ಸೋಫಾದ ಮೇಲೆ ಎರಡು ದೀಪ ಹಾಕಲು ಮಂಜೂರಾತಿ ಸಿಕ್ಕಿತು.

ತ್ರಿವೇಣಿ ಗರಿಯ ಟೋಪಿಯಲ್ಲೇ ಓಡಿ ಬಂದಳು. ಅಪ್ಪನ ಕಡೆ ನೋಡಲು ಧೈರ್ಯ ಸಾಲದೆ ಅವ್ವನನ್ನು ಕೇಳಿದಳು.

“ಹೆಂಗಿತ್ತವ್ವಾ?”

“ನಿಮ್ಮಪ್ಪ ಮಸ್ತ್ ಮಾಡಿದ್ರು ಬಿಡು,” ಎಂದರು ಮರುಳಸಿದ್ದಮ್ಮ.

ವಿರೂಪಾಕ್ಷಪ್ಪ ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡರು. “ಎರಡನೇ ಹಾಡಿನಾಗ ಸ್ವಲ್ಪ ಜಲ್ದಿ ನಕ್ಕುಬಿಟ್ಟೆ,” ಎಂದರು ಗಂಭೀರವಾಗಿ. “ನಾಳೆ ಸರಿ ಮಾಡ್ತೀನಿ.”

“ಹಂಗಾದ್ರ ಮಧ್ಯಾಹ್ನ ರಿಹರ್ಸಲ್‌ಗೆ ಬರ್ರಿ ಅಪ್ಪಾಜಿ,” ಎಂದಳು ತ್ರಿವೇಣಿ.