ನಾಲ್ವರು ಆರ್ಲಿಸ್, ಒಂದು ಪೆಡಲು

ಈ ಈಸ್ಟರ್ ಹಬ್ಬದಲ್ಲಿ ನನ್ನ ಸಿಂಥಸೈಜರಿನ ದನಿ ಬದಲಿಸುವ ಎಲ್ಲ ಎಫೆಕ್ಟುಗಳನ್ನೂ ಕಾಲಲ್ಲೇ ಆಳುತ್ತೇನೆ, ನನ್ನ ಕೈಗಳು ಕೀಲಿಮಣೆಯ ಮೇಲಿಂದ ಏಳುವುದೇ ಇಲ್ಲ ಎಂದು ಒಂದು ಸಂಜೆ ಅಡುಗೆಮನೆಯಲ್ಲಿ ನಿಂತು ಘೋಷಿಸಿದೆ. ಕೇಳಲು ಇದ್ದವಳು ನನ್ನ ಹೆಂಡತಿ ಆರ್ಲಿಸ್ ಒಬ್ಬಳೇ. ಅವಳು ಓವನ್ನಿನಿಂದ ರಾತ್ರಿಯ ಊಟದ ಹಾಟ್‌ಡಿಶ್ ಬೋಗುಣಿ ತೆಗೆಯುತ್ತಿದ್ದಳು.

"ಕೈ ಏಳದಿದ್ರೆ ಊಟ ಹೇಗೆ ಮಾಡ್ತೀಯ, ಲೈಲ್?"

"ನಗಬೇಡ. ನೀನು ಹಾಡಿದ್ರೆ ಇಡೀ ಮಿನೆಸೋಟಾ ಬೆಚ್ಚಿಬೀಳ್ಬೇಕು, ಹಾಗೆ ಮಾಡ್ತೀನಿ."

ನಮ್ಮ ಲೂಥರನ್ ಚರ್ಚಿನಲ್ಲಿ ಭಾನುವಾರದ ಹಾಡುಗಳಿಗೆ ಸಿಂಥಸೈಜರ್ ನುಡಿಸುವವನು ನಾನು. ಆರ್ಲಿಸ್ ಹಾಡುವವಳು. ಹೋದ ವರ್ಷ ಗಂಟಲಿನ ಆಪರೇಷನ್ ಆದಮೇಲೆ ಅವಳು ಒಬ್ಬಳೇ ನಿಂತು ಹಾಡಿರಲಿಲ್ಲ. ದನಿ ತೆಳ್ಳಗಾಗಿದೆ ಎಂಬ ಅಳುಕು. ಪಾಸ್ಟರ್ ಇಂಗ್ರಿಡ್ ಬೆನ್ನು ಹತ್ತಿ ಈಸ್ಟರ್ ದಿನಕ್ಕೆ ಒಪ್ಪಿಸಿದ್ದರು. ಈ ಸಲ ಎಡವಿದರೆ ಅವಳು ಮತ್ತೆ ಬಾಯಿ ತೆರೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸುಮ್ಮನಿರಲು ಆಗಲಿಲ್ಲ.

ನನ್ನ ಮಹಾಯೋಜನೆ ಸರಳವಾಗಿತ್ತು. ಆರ್ಲಿಸಳ ಮೈಕನ್ನು ಸಿಂಥಿಗೇ ಸಿಕ್ಕಿಸುವುದು. ಅವಳ ದನಿಗೆ ದೊಡ್ಡ ಸಭಾಂಗಣದ ಗುಂಗು, ಪ್ರತಿಧ್ವನಿ, ಅವಳದೇ ದನಿಯ ಮೂರು ಜೊತೆದನಿಗಳು, ಇಷ್ಟನ್ನೂ ನುಡಿಸುತ್ತಿರುವಾಗಲೇ ಬೇಕಾದಂತೆ ಏರಿಸಿ ಇಳಿಸುವುದು. ಅದಕ್ಕೆ ಯಾವ ಗುಂಡಿ, ಯಾವ ಚಕ್ರ, ಯಾವ ಪೆಡಲು ಯಾವ ಎಫೆಕ್ಟನ್ನು ನೋಡಿಕೊಳ್ಳಬೇಕು ಎಂದು ಯಂತ್ರಕ್ಕೆ ಮೊದಲೇ ಹೇಳಬೇಕು. ಹೀಗೆ ನಮ್ಮ ಊಟದ ಮೇಜಿನ ಮೇಲೆ ಖಾತೆ ಹಂಚಿಕೆ ಶುರುವಾಯಿತು.

ಮೊದಲು ಪೆಡಲಿಗೆ ಗುಂಗಿನ ಖಾತೆ ಕೊಟ್ಟೆ. ಮರುದಿನ ಹಲ್ಲುಜ್ಜುವಾಗ, ಪೆಡಲಿನಂಥ ಹಿರಿಯನಿಗೆ ಪ್ರತಿಧ್ವನಿಯೇ ತಕ್ಕದ್ದು ಅನ್ನಿಸಿತು. ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿಬಂದು ಬದಲಾಯಿಸಿದೆ. ಆಮೇಲೆ ಜೊತೆದನಿಗಳನ್ನೂ ಅದಕ್ಕೇ ಕೊಟ್ಟು ನೋಡಿದೆ. ಬೆರಳು ಸುಮ್ಮನಿರುತ್ತಿರಲಿಲ್ಲ.

"ನಿನ್ನೆ ಚೆನ್ನಾಗೇ ಇತ್ತಲ್ಲ?" ಎಂದಳು ಆರ್ಲಿಸ್.

"ಇನ್ನೂ ಚೆನ್ನಾಗಿ ಆಗ್ಬಹುದಲ್ಲ?"

"ಒಂದ್ಗಳಿಗೆ ಸುಮ್ನೆ ಕೂತ್ಕೋ, ಲೈಲ್."

"ಸುಮ್ನೆ ಕೂತ್ರೆ ನಂಗೆ ಮೈಕೈ ನೋವು."

ಇಲ್ಲೊಂದು ಸೂಕ್ಷ್ಮವಿದೆ. ಈ ಯಂತ್ರದಲ್ಲಿ ಹೊಸ ಖಾತೆ ಕೊಟ್ಟರೆ ಹಳೆಯದು ತಾನಾಗಿ ಕೈಬಿಡುವುದಿಲ್ಲ. ನಾವೇ ಹೋಗಿ ಕಿತ್ತುಕೊಳ್ಳಬೇಕು. ನಾನು ಕೊಡುತ್ತಾ ಹೋದೆ, ಕಿತ್ತುಕೊಳ್ಳುವುದನ್ನು ಮರೆತೆ. ಹಬ್ಬದ ಹೊತ್ತಿಗೆ ಆ ಒಂದು ಪೆಡಲಿನ ಕೈಯಲ್ಲಿ ಇಡೀ ಸರ್ಕಾರವೇ ಇತ್ತು. ಮನೆಯಲ್ಲಿ ಮೆತ್ತನೆಯ ಚಪ್ಪಲಿ ಹಾಕಿಕೊಂಡು ಹಗುರವಾಗಿ ಒತ್ತುತ್ತಿದ್ದೆನಾದ್ದರಿಂದ ಏನೂ ಗೊತ್ತಾಗಲಿಲ್ಲ.

ಅಭ್ಯಾಸ ಮುಗಿದಮೇಲೆ ಆರ್ಲಿಸ್, "ಇದು ನನ್ನ ದನಿ ಅಂತಾನೇ ಅನ್ನಿಸ್ತಿಲ್ಲ" ಎಂದಳು. ಅದನ್ನು ನಾನು ಹೊಗಳಿಕೆ ಎಂದು ತೆಗೆದುಕೊಂಡೆ.

ಈಸ್ಟರ್ ಬೆಳಿಗ್ಗೆ ಚರ್ಚು ತುಂಬಿತ್ತು. ಆರ್ಲಿಸ್ ಮೈಕು ಹಿಡಿದು ನಿಂತಳು. ಮೊದಲ ಚರಣ ಹೂವಿನಂತೆ ಸಾಗಿತು. ಎರಡನೆಯದಕ್ಕೆ ಹೋಗುವಷ್ಟರಲ್ಲಿ ನನಗೆ ಉತ್ಸಾಹ ಬಂತು. ಉತ್ಸಾಹ ಬಂದರೆ ನನ್ನ ಬಲಗಾಲು ನನ್ನನ್ನು ಕೇಳದೆ ತಾಳ ಹಾಕುತ್ತದೆ. ಆ ಕಾಲಿನಲ್ಲಿ ಭಾನುವಾರದ ಗಟ್ಟಿ ಬೂಟು ಇತ್ತು, ಬೂಟಿನ ಕೆಳಗೆ ಪೆಡಲು.

ಟಪ್. ನಾಲ್ವರು ಆರ್ಲಿಸ್. ಟಪ್. ಒಬ್ಬಳೇ ಆರ್ಲಿಸ್. ಟಪ್. ನಾಲ್ವರೂ ಬಾವಿಯೊಳಗೆ. ಟಪ್. ನಾಲ್ವರೂ ಬಾವಿಯಿಂದ ಹೊರಗೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹಾರ್ಲನ್, ನಮ್ಮ ಸಂಗೀತ ಸಮಿತಿಯ ಹಿರಿಯ, ತಮ್ಮ ಕಿವಿ ಮಷಿನ್ ಕಳಚಿ, ಕೊಡವಿ, ತಲೆ ಬಗ್ಗಿಸಿಕೊಂಡು ಅದರ ರಿಪೇರಿಗೆ ಇಳಿದರು.

ಚರಣದ ಕೊನೆಯಲ್ಲಿ ಆರ್ಲಿಸ್ ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು. ಮೈಕು ಕೈಯಲ್ಲೇ ಇತ್ತು.

"ಕಾಲು ತೆಗಿ, ಲೈಲ್."

ನಾಲ್ವರು ಆರ್ಲಿಸ್, ಚಾವಣಿಯಿಂದಲೂ ನೆಲದಡಿಯಿಂದಲೂ, ಇಂಪಾಗಿ ಅಪ್ಪಣೆ ಕೊಟ್ಟರು: "ಕಾಲು ತೆಗಿ, ಲೈಲ್... ತೆಗಿ, ಲೈಲ್... ಲೈಲ್..." ನಡುದಾರಿಗೆ ಕಾಲು ಚಾಚಿ ಕೂತಿದ್ದ ಇಬ್ಬರು ಮುದುಕರು ತಮ್ಮ ಕಾಲುಗಳನ್ನು ಒಳಗೆಳೆದುಕೊಂಡರು. ಒಬ್ಬಳು ಹೆಂಡತಿಗೇ ಉತ್ತರ ಕೊಡಲಾರದವನು ನಾಲ್ವರಿಗೆ ಏನು ಹೇಳಲಿ? ಗಾಬರಿಯಲ್ಲಿ ಬಗ್ಗಿ ಪೆಡಲಿನ ತಂತಿಯನ್ನೇ ಕಿತ್ತುಬಿಟ್ಟೆ.

ಪೆಡಲು ಕಾಣೆಯಾದರೆ, ಅದನ್ನು ಪೂರ್ತಿ ಒತ್ತಿದ್ದಾರೆ ಎಂದು ಆ ಯಂತ್ರ ತಿಳಿಯುತ್ತದೆ. ಇದು ನನಗೆ ಆ ಕ್ಷಣದಲ್ಲಿ ಗೊತ್ತಾಯಿತು, ಊರಿಗೂ ಗೊತ್ತಾಯಿತು.

"ಏನ್ ಮಾಡ್ದೆ?" ಎಂದಳು ಆರ್ಲಿಸ್. ಚರ್ಚಿನ ನಾಲ್ಕು ಗೋಡೆಗಳೂ ಸರದಿಯ ಮೇಲೆ "ಏನ್ ಮಾಡ್ದೆ" ಎಂದು ಕೇಳಿದವು. "ತಂತಿ ಕಿತ್ತೆ" ಎಂದೆ. ನನ್ನ ತಪ್ಪೊಪ್ಪಿಗೆಯೂ ಮೈಕಿಗೆ ಬಿದ್ದು ನಾಲ್ಕು ಶ್ರುತಿಗಳಲ್ಲಿ ಮೊಳಗಿತು.

ಆರ್ಲಿಸ್ ಕೈ ಚಾಚಿ ಯಂತ್ರದ ಸ್ವಿಚ್ಚು ಆರಿಸಿದಳು. ಚರ್ಚು ಗಪ್‌ಚಿಪ್. ಮೈಕನ್ನು ಸಿಂಥಿನ ಮೇಲೆ ಮಲಗಿಸಿ ನನ್ನನ್ನೇ ನೋಡಿದಳು. ಕೋಪ ಇರಲಿಲ್ಲ, ಕೋಪವಿದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನನ್ನ ದನಿ ಸಾಲದು ಅಂತ ನಿಂಗೂ ಅನ್ನಿಸಿತ್ತಾ?"

ಅನ್ನಿಸಿತ್ತು. ಅದಕ್ಕೇ ಅಷ್ಟೆಲ್ಲ ಗುಂಡಿ ತಿರುಗಿಸಿದ್ದು. ನಾಚಿಕೆಯಿಂದ ಬಗ್ಗಿ, ಕಿತ್ತ ತಂತಿಯನ್ನು ಸುತ್ತತೊಡಗಿದೆ.

"ಕೆಳಗೆ ಹೋಗಿ ಕಾಫಿ ಕಾಯ್ಸು" ಎಂದಳು ಮೆಲ್ಲಗೆ. "ಹಾಡು ಮುಗಿಸಿ ಬರ್ತೀನಿ."

ನೆಲಮಾಳಿಗೆಯ ಅಡುಗೆಮನೆಗೆ ಇಳಿದು, ದೊಡ್ಡ ಕಾಫಿ ಪಾತ್ರೆಗೆ ನೀರು ಸುರಿದು ಗುಂಡಿ ಒತ್ತಿದೆ. ಮೇಲೆ ಆರ್ಲಿಸ್ ಮೂರನೆಯ ಚರಣ ಎತ್ತಿಕೊಂಡಳು. ಮೈಕಿಲ್ಲ, ಸಿಂಥಿಲ್ಲ, ನಾನಿಲ್ಲ. ದನಿ ತೆಳ್ಳಗೇ ಇತ್ತು. ಮೇಲಿನ ಸ್ವರದಲ್ಲಿ ಒಂದಿಷ್ಟು ಒಡೆಯಿತು, ಒಡೆದೂ ನಿಂತಿತು. ಹಲಗೆಗಳ ಸಂದಿನಿಂದ ಅದು ಇಳಿದು ಬರುತ್ತಿದ್ದಾಗ ಮೇಲೆ ಒಬ್ಬರೂ ಕೆಮ್ಮಲಿಲ್ಲ. ನಾನು ಕಾಫಿ ಪುಡಿಯ ಡಬ್ಬಿ ಹಿಡಿದುಕೊಂಡು ಅತ್ತೆ. ಆಗ ನೋಡಿಕೊಂಡರೆ ಬಲಗಾಲು ಅಲ್ಲಾಡುತ್ತಲೇ ಇರಲಿಲ್ಲ.

ಆರಾಧನೆ ಮುಗಿದು ಎಲ್ಲರೂ ಕಾಫಿಗೆ ಇಳಿದರು. ಪಾಸ್ಟರ್ ಇಂಗ್ರಿಡ್ ನನ್ನ ಭುಜ ತಟ್ಟಿ, "ಸ್ವಲ್ಪ ಬೇರೆ ಥರಾ ಇತ್ತು, ಲೈಲ್" ಎಂದರು. ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

ಹಿಂದೆಯೇ ಹಾರ್ಲನ್ ಬಂದರು. ಕಣ್ಣು ಒದ್ದೆಯಾಗಿತ್ತು.

"ನನ್ನ ಕಿವಿ ಮಷಿನ್ನೇ ಕೆಡ್ತು ಅಂತ ಬ್ಯಾಟರಿ ಹಾಕ್ತಾ ತಲೆ ತಗ್ಗಿಸಿದ್ದೆ, ಮಾರಾಯ. ಹಾಕಿ ನೋಡಿದ್ರೆ ಕೊನೇ ಚರಣ ಸೀದಾ ಎದೆಗೇ ಬಂತು. ಅದಕ್ಕೇನು ಎಫೆಕ್ಟ್ ಹಾಕಿದ್ದೆ?"

ನಾನು ಉತ್ತರಕ್ಕಾಗಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆರ್ಲಿಸ್ ಅವರ ಕಪ್ಪಿಗೆ ಕಾಫಿ ಬಗ್ಗಿಸಿದಳು.

"ಹೆಚ್ಚೇನಿಲ್ಲ, ಹಾರ್ಲನ್. ಇವನನ್ನ ಕಾಫಿ ಕಾಯ್ಸೋಕೆ ಕಳಿಸಿದ್ದೆ."

ಹಾರ್ಲನ್ ಒಂದು ಗುಟುಕು ಕುಡಿದು, ಸಂಗೀತ ಸಮಿತಿಯ ಪರವಾಗಿ ತಲೆದೂಗಿದರು.

"ಕಾಫಿನೂ ಚೆನ್ನಾಗಿದೆ. ಮುಂದಿನ ವಾರನೂ ಕಳಿಸು."