ಒಂದು ಗೇಣು ಉದ್ದದ ತೋಳು

ಕ್ಲ್ಯಾರಿಯ ಸ್ವೆಟರಿನ ಎಡತೋಳು ಬಲತೋಳಿಗಿಂತ ಒಂದು ಗೇಣು ಉದ್ದ. ಆ ದಿನದ ಅನಾಹುತಕ್ಕೆಲ್ಲ ಮೂಲ ಅದೇ. ಬೆಳಗ್ಗೆ ಚಹಾ ಕುಡಿಯಲು ಹೋದರೆ ಅವನಿಗಿಂತ ಮೊದಲು ತೋಳು ಕುಡಿದಿತ್ತು. ಗೇಟು ಹಾಕುವಾಗ ಚಿಲಕಕ್ಕೆ ಸಿಕ್ಕಿಕೊಂಡು ಅವನನ್ನೇ ಹಿಂದಕ್ಕೆ ಎಳೆಯಿತು. ಹೆಂಡತಿ ಎನಿಡ್ ಹೆಣೆದ ಕೊನೆಯ ಸ್ವೆಟರು ಅದು. ಬೇಸಗೆಯಲ್ಲಿ ಅವಳು ತೀರಿಕೊಂಡಿದ್ದಳು. ಅವಳಿದ್ದಾಗ ಆ ತೋಳನ್ನು ದಿನಾ ಬೈಯುತ್ತಿದ್ದವನು, ಅವಳು ಹೋದ ಮೇಲೆ ಒಂದು ಮಾತೂ ಅಂದಿರಲಿಲ್ಲ.

ಅವತ್ತು ಶನಿವಾರ, ಕುರಾಬಿನ್ ಊರಿನ ಪದ್ಯದ ಹಬ್ಬ. ಊರವರೆಲ್ಲ ಎರಡು ದಿನ ಕುರಿ, ಗೋಧಿ, ಬಾರದ ಮಳೆ ಎಲ್ಲವನ್ನೂ ಬದಿಗಿಟ್ಟು ಪ್ರಾಸ ಹುಡುಕುತ್ತಾರೆ. ಮೊದಲಿಗೆ ಊರಿನ ಹಾಲ್‌ನಲ್ಲಿ ತಿಂಡಿಯ ಗೋಷ್ಠಿ. ಕೆಳಗೆ ಜನ ಮೊಟ್ಟೆ, ಸಾಸೇಜು ತಿನ್ನುತ್ತಿರಬೇಕು, ಮೇಲೆ ಕವಿ ಪದ್ಯ ಹೇಳುತ್ತಿರಬೇಕು. ಹಾಳೆ ಹಿಡಿಯುವಂತಿಲ್ಲ, ಎಲ್ಲ ಬಾಯಿಪಾಠ. ಮರೆತರೆ ಮನೆಯವರೊಬ್ಬರು ಮುಂದಿನ ಸಾಲಿನಲ್ಲಿ ಕೂತು ತುಟಿ ಆಡಿಸಿ ನೆನಪು ಮಾಡಿಕೊಡಬಹುದು, ದನಿ ಮಾತ್ರ ಬರಕೂಡದು. ದನಿ ಬಂತೋ, ಮಾಂಸದಂಗಡಿಯ ಡೆಸ್ ಗಂಟೆ ಹೊಡೆದು ಕವಿಯನ್ನು ಇಳಿಸುತ್ತಾನೆ.

ಕ್ಲ್ಯಾರಿ ವರ್ಷವೂ ಹೇಳುವುದು ಒಂದೇ ಪದ್ಯ. ಮದುವೆಯ ದಿನ ಹಳ್ಳ ಉಕ್ಕಿ, ಅವನೂ ಎನಿಡ್ಡೂ ಒಂದೇ ಕುದುರೆ ಹತ್ತಿ ದಾಟುವಾಗ, ಕುದುರೆ ನಡುನೀರಿನಲ್ಲಿ ಮುಷ್ಕರ ಹೂಡಿದ ಕತೆ. ಅವನೇ ಕಟ್ಟಿದ್ದು. ಎನಿಡ್ ಮುಂದೆ ಕೂತು ತೊಡೆಯ ಮೇಲೆ ಹೆಣಿಗೆ ಇಟ್ಟುಕೊಂಡಿರುತ್ತಿದ್ದಳು. ಅವನು ತಡವರಿಸಿ ಅತ್ತ ನೋಡಿದರೆ ಅವಳ ತುಟಿ ಆಡುತ್ತಿತ್ತು, ಸಾಲು ಬಂದುಬಿಡುತ್ತಿತ್ತು. ಆಸ್ಪತ್ರೆಯಲ್ಲಿ ಅವಳು, "ಈ ವರ್ಷಾನೂ ಹೇಳ್ತೀಯ ತಾನೆ?" ಎಂದು ಕೇಳಿದ್ದಳು. ಇವನು ಹೂಂ ಅಂದಿದ್ದ. ಹೂಂ ಅಂದವನಿಗೆ ಈಗ ಕುದುರೆ ನೀರಿಗಿಳಿದ ಮೇಲೆ ಮುಂದೇನೆಂದೇ ನೆನಪಿಲ್ಲ. ಎನಿಡ್‌ಗೆ ಕೊಟ್ಟ ಕೊನೆಯ ಮಾತು ನಡುನೀರಿನಲ್ಲಿ ನಿಂತಿತ್ತು.

ಬೇಲಿಯಾಚೆಯ ಮರ್ಲ್ ಇಂಥ ಸಂಕಟವನ್ನು ಮೂಸಿಯೇ ಕಂಡುಹಿಡಿಯುವ ಹೆಂಗಸು. ಹಾಲ್‌ನ ಬಾಗಿಲಲ್ಲೇ ಅವನನ್ನು ಹಿಡಿದಳು.

"ಹೆದರ್ಬೇಡ ಕಣೋ. ನಿನ್ ಪದ್ಯ ಪೂರ್ತಿ ಬಾಯಿಪಾಠ ಮಾಡಿದೀನಿ. ಎನಿಡ್ ಕುರ್ಚೀಲಿ ನಾನ್ ಕೂತ್ಕೋತೀನಿ."

"ಮನೆಯವರು ಮಾತ್ರ ಕೂರ್ಬೇಕು ಅಂತ ಅಲ್ವಾ ಮರ್ಲ್?"

"ನಿನ್ ಮನೇಲಿ ಇನ್ಯಾರಿದಾರೆ? ನಾಯೀನ ಕೂರಿಸ್ತೀಯಾ?"

ದೂರಕ್ಕೂ ಕಾಣಲೆಂದು ಅವಳು ತುಟಿಗೆ ಟೊಮೇಟೊ ಬಣ್ಣ ಬಳಿದುಕೊಂಡಿದ್ದಳು. ಅಷ್ಟರಲ್ಲಿ ಡೆಸ್ ಒಂದು ಕೈಯಲ್ಲಿ ತಿಂಡಿಯ ತಟ್ಟೆ, ಇನ್ನೊಂದರಲ್ಲಿ ರಮ್ಮಿನ ಲೋಟ ಹಿಡಿದು ಬಂದ. "ಒಂದ್ ಗುಟುಕು ಹಾಕು ಮಾರಾಯ. ಕುದುರೆ ತಾನಾಗೇ ದಾಟತ್ತೆ."

"ಬೇಡಪ್ಪ" ಎಂದು ಕ್ಲ್ಯಾರಿ ಕೈ ಬೀಸಿದ. ಬೀಸಿದ್ದು ಎಡಗೈ. ತೋಳು ತಟ್ಟೆಯನ್ನು ಬಾಚಿಕೊಂಡು, ಎರಡು ಮೊಟ್ಟೆಯನ್ನೂ ಸಾಸನ್ನೂ ಕುಡಿದು ಕೆಂಪಗೆ ತೊಟ್ಟಿಕ್ಕುತ್ತಾ ನೇತಾಡಿತು.

"ಈ ಅವತಾರದಲ್ಲಿ ಮೇಲೆ ಹೋದ್ರೆ ಜನ ಪದ್ಯ ಕೇಳಲ್ಲ, ತೋಳು ನೋಡ್ತಾರೆ" ಎಂದ ಮರ್ಲ್, ಉದ್ಘಾಟನೆಯ ರಿಬ್ಬನ್ನಿಗೆ ಇಟ್ಟಿದ್ದ ಕತ್ತರಿ ಎತ್ತಿಕೊಂಡಳು. ಅವನು ಬಾಯಿ ತೆರೆಯುವಷ್ಟರಲ್ಲಿ ಕಚಕ್ ಅಂತು. ಹೆಚ್ಚಿನ ಗೇಣುದ್ದವನ್ನು ತನ್ನ ಕೋಟಿನ ಜೇಬಿಗೆ ತುರುಕಿ, "ನೋಡು, ಈಗ ಎರಡೂ ಕೈ ಸಮ" ಎಂದಳು. ಕ್ಲ್ಯಾರಿ ಕತ್ತರಿಸಿದ ಅಂಚನ್ನು ಮುಟ್ಟಿ ನೋಡಿದ. ಅಷ್ಟರಲ್ಲಿ ಅವನ ಹೆಸರು ಕರೆದರು.

ಮೊದಲ ನುಡಿ ಸಲೀಸಾಗಿ ಹೋಯಿತು. ಮೋಡ ಕವಿಯಿತು, ಹಳ್ಳ ಉಕ್ಕಿತು, ಕುದುರೆ ಇಳಿಯಿತು. ಇಳಿದದ್ದು ನಿಂತಿತು.

ಅವನು ಎನಿಡ್‌ಳ ಕುರ್ಚಿಯತ್ತ ನೋಡಿದ. ಅಲ್ಲಿ ಕೆಂಪು ತುಟಿಗಳು ಅಗಲವಾಗಿ, ದುಂಡಗೆ, ಮತ್ತೆ ಅಗಲವಾಗಿ ಕಸರತ್ತು ಮಾಡುತ್ತಿದ್ದವು. ಅವನಿಗೆ ಒಂದಕ್ಷರವೂ ಸಿಗಲಿಲ್ಲ. ಕೈಗೆ ಕೆಲಸ ಬೇಕಾಗಿ ಎಡತೋಳಿನ ತುದಿಯ ದಾರ ಹಿಡಿದು ಎಳೆದ. ಕತ್ತರಿಸಿದ ಹೆಣಿಗೆ, ಸರಸರ ಬಿಚ್ಚಿತು. ಎಳೆದಷ್ಟೂ ಬಂತು. ಮಣಿಕಟ್ಟು ಕಂಡಿತು, ಮೊಣಕೈ ಕಂಡಿತು. ಜನ ಸಾಸೇಜು ಬಾಯಿಗಿಡುವುದನ್ನು ಮರೆತರು.

ಮರ್ಲ್‌ಗೆ ತಡೆಯಲಾಗಲಿಲ್ಲ. ಎದ್ದು ನಿಂತು ದನಿ ಎತ್ತಿಯೇ ಸಾಲು ಹೇಳಿಬಿಟ್ಟಳು. ಆ ಪದ್ಯ ಎಷ್ಟೋ ವರ್ಷದಿಂದ ಕೇಳಿದ ಊರು, ಇಡೀ ಹಾಲ್ ಅವಳ ಜೊತೆ ಸೇರಿತು. ಕುದುರೆ ದಾಟಿತು, ಪಾದ್ರಿ ಸಿಕ್ಕಿದ, ಮದುವೆ ಆಯಿತು. ಮದುಮಗ ಮಾತ್ರ ಒಂದು ಕೈ ಬರಿದು ಮಾಡಿಕೊಂಡು, ಕರೆಯದೆ ಬಂದ ನೆಂಟನ ಹಾಗೆ ಮೇಲೆ ನಿಂತಿದ್ದ. ಡೆಸ್ ಕಣ್ಣೊರೆಸಿಕೊಂಡು ಗಂಟೆ ಹೊಡೆದ. ನಿಯಮ ನಿಯಮವೇ.

ಹಿಂದಿನ ಅಡುಗೆಕೋಣೆಯಲ್ಲಿ ಮರ್ಲ್ ಚಹಾ ತಂದುಕೊಟ್ಟಳು.

"ನಿನ್ ತುಟೀಲಿ ಏನೂ ಸಿಗ್ಲಿಲ್ಲ ಮರ್ಲ್," ಕ್ಲ್ಯಾರಿ ಹೇಳಿದ. "ಎನಿಡ್ ಒಂದ್ಸಲಾನೂ ಹೀಗ್ ಮಾಡ್ಲಿಲ್ಲ."

ಮರ್ಲ್‌ಗೆ ರೇಗಿತು. "ಎನಿಡ್‌ಗೆ ನಿನ್ ಪದ್ಯದ ಒಂದ್ ಸಾಲೂ ಬರ್ತಿರ್ಲಿಲ್ಲ. ಪಕ್ಕದಲ್ಲಿ ಕೂರ್ತಿದ್ದೋಳು ನಾನು. ಅವಳು ಹೆಣಿಗೆ ಎಣಿಸ್ಕೋತಿದ್ಲು, ಎರಡು ಸೀದಾ, ಎರಡು ಉಲ್ಟಾ ಅಂತ."

ಕ್ಲ್ಯಾರಿ ಚಹಾ ಕೆಳಗಿಟ್ಟ. "ಪದ್ಯ ಮುಗಿಯೋ ತನಕಾನೂ?"

"ಕುದುರೆ ನೀರಲ್ಲಿ ನಿಲ್ಲೋ ತನಕ. ಅಲ್ಲಿ ಎಣಿಸೋದ್ ಬಿಟ್ಟು ನಿನ್ನನ್ನೇ ನೋಡ್ತಾ ಕೂತ್ಬಿಡೋಳು. ಕೈ ಮಾತ್ರ ಹೆಣೀತಾ ಹೋಗೋದು. ಹೋದ ವರ್ಷ ನಾನೇ ಅಂದೆ, ಲೆಕ್ಕ ತಪ್ತು ಕಣೇ, ತೋಳು ಉದ್ದ ಆಯ್ತು, ಬಿಚ್ಚು ಅಂತ. ಇರ್ಲಿ ಬಿಡು, ಅದ್ರಲ್ಲಿ ನಮ್ ಹಳ್ಳ ಇದೆ ಅಂದ್ಲು. ಆ ಉದ್ದದ..."

ಮರ್ಲ್ ಅಲ್ಲಿಗೆ ನಿಂತಳು. ಅವಳ ಬಾಯಿ ಯಾವಾಗಲೂ ಬುದ್ಧಿಗಿಂತ ಮುಂದೆ ಓಡುತ್ತಿತ್ತು, ಬುದ್ಧಿ ಈಗ ಬಂದು ಸೇರಿತು. ಜೇಬಿಗೆ ಕೈ ಹಾಕಿ, ಸಾಸಿನಲ್ಲಿ ಒಣಗಿ ಗಟ್ಟಿಯಾದ ಆ ಗೇಣುದ್ದದ ತುಂಡನ್ನು ತೆಗೆದು ಮೇಜಿನ ಮೇಲಿಟ್ಟಳು.

"ಹೊಲಿದು ಕೊಡ್ಲಾ ಕ್ಲ್ಯಾರಿ?"

"ನಿಂಗೆ ಹೊಲಿಗೆ ಬರತ್ತಾ?"

"ಇಲ್ಲ" ಎಂದು ಅವಳು ಅತ್ತಳು. ತುಟಿಯ ಬಣ್ಣವೆಲ್ಲ ಗಲ್ಲಕ್ಕೆ ಬಂತು.

ಡೆಸ್ ಒಂದು ಪೊಟ್ಟಣ ಹಿಡಿದು ಒಳಗೆ ಬಂದ. "ಗಂಟೆ ಹೊಡೆಸ್ಕೊಂಡ ಕವಿಗೆ ಮಹಿಳಾ ಸಂಘದವರ ಸಮಾಧಾನದ ಬಹುಮಾನ ಕಣಯ್ಯಾ. ಹೊಸಾ ಸ್ವೆಟರು. ನೋಡು, ಎರಡೂ ತೋಳು ಸಮ ಇದೆ."

ಹೊರಗೆ ಕುಳಿರ್ಗಾಳಿ. ಬೇರೆ ದಾರಿಯಿಲ್ಲದೆ ಕ್ಲ್ಯಾರಿ ಅದನ್ನೇ ಹಾಕಿಕೊಂಡು ನಡೆದ. ಹಳೆಯದು ಕಂಕುಳಲ್ಲಿತ್ತು, ಗೇಣುದ್ದದ ತುಂಡು ಜೇಬಿನಲ್ಲಿ. ಹಳ್ಳದ ಸೇತುವೆಗೆ ಬಂದಾಗ, ಯಾರೂ ಕೇಳದಿದ್ದರೂ, ಕುದುರೆ ನಿಂತ ನುಡಿ ಒಂದಕ್ಷರ ತಪ್ಪದೆ ಬಾಯಿಗೆ ಬಂತು. ಕೊನೆಯ ತನಕ ಹೇಳಿದ. ಹಾಲ್‌ನಲ್ಲಾಗಿದ್ದರೆ ಅವಳು ನೋಡುತ್ತಾ ಕೂತಿರುತ್ತಿದ್ದ ಜಾಗದಲ್ಲಿ, ಇಲ್ಲಿ ಕೆಳಗೆ ತೆಳ್ಳಗೆ ನೀರು ಹರಿಯುತ್ತಿತ್ತು. ಎಡಗೈಯ ಬೆರಳುಗಳು ಚಳಿಗೆ ಸೆಟೆದಿದ್ದವು. ತೋಳನ್ನು ಬೆರಳ ಮೇಲಕ್ಕೆ ಎಳೆದುಕೊಳ್ಳಲು ನೋಡಿದ. ಒಳ್ಳೆಯ ಹೆಣಿಗೆ, ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಅದು ಮಣಿಕಟ್ಟಿನಿಂದ ಮುಂದಕ್ಕೆ ಬರಲಿಲ್ಲ.