ಜ್ವರದ ತಾಲೀಮು

ಬೇರೆಯವರಿಗೆ ಸಿಟ್ಟು ಬರುವ ಕಡೆ, ನಗು ಬರುವ ಕಡೆ, ಏನೂ ಬರದೆ ಸುಮ್ಮನಿರುವ ಕಡೆ ಕೂಡ ನನಗೆ ಬರುವುದು ಗಾಬರಿ. ಕುಕ್ಕರ್ ಸೀಟಿ ಹೊಡೆದರೆ ನಾನು ಎದ್ದು ನಿಲ್ಲುತ್ತೇನೆ. ಇಂಥವನನ್ನು ಹಿಡಿದು, ಸಾಂಕ್ರಾಮಿಕ ಜ್ವರವನ್ನು ಎದುರಿಸುವ ಸಿದ್ಧತೆಯ ಹೊಣೆಯನ್ನು ಒಂದು ವಿದೇಶಿ ಕಚೇರಿಯವರು ಕೊಟ್ಟರೆಂದರೆ ಗಾಬರಿಪಡಬೇಕಾದವರು ಅವರು. ಅವರು ಪಡಲಿಲ್ಲ, ಅವರ ಪಾಲಿನದನ್ನೂ ನಾನೇ ಪಟ್ಟೆ.

ಹೈದರಾಬಾದಿನಲ್ಲಿರುವ ಒಂದು ಪುಟ್ಟ ದೇಶದ ದೂತಾವಾಸದಲ್ಲಿ ನಾನು ಆಡಳಿತ ವಿಭಾಗದ ನೌಕರ. ದೇಶ ಯಾವುದೆಂದು ಹೇಳುವುದಿಲ್ಲ. ಹೇಳಿದರೂ ಭೂಪಟದಲ್ಲಿ ಹುಡುಕಲು ನೀವು ಕನ್ನಡಕ ತರಬೇಕಾಗುತ್ತದೆ. ಕೊರೋನಾ ಮುಗಿದು, ಉಳಿದ ಮಾಸ್ಕುಗಳಿಂದ ನಾವು ಸ್ಕೂಟರಿನ ಕನ್ನಡಿ ಒರೆಸುತ್ತಿದ್ದ ಕಾಲ. ಒಂದು ಬೆಳಿಗ್ಗೆ ನಮ್ಮ ಕಾನ್ಸಲ್ ಸಾಹೇಬರು ಎಲ್ಲರನ್ನೂ ಕರೆದು, ಹೊಸದೊಂದು ಫ್ಲೂ ಬರಬಹುದು, ಪ್ರತಿಯೊಂದು ದೂತಾವಾಸವೂ ಸಜ್ಜಾಗಬೇಕೆಂದು ತಮ್ಮ ರಾಜಧಾನಿಯಿಂದ ಆಜ್ಞೆ ಬಂದಿದೆ ಎಂದರು. ಸರಿಯಾಗಿ ಅದೇ ಹೊತ್ತಿಗೆ ನನಗೆ ಕೆಮ್ಮು ಬಂತು. ತಿಂದಿದ್ದ ಮಿರ್ಚಿ ಭಜಿಯ ಕೆಮ್ಮು ಅದು. ಸಾಹೇಬರು ನನ್ನ ಕಡೆ ಬೆರಳು ತೋರಿಸಿ, ಈ ವಿಷಯದಲ್ಲಿ ನಿಮಗೆ ಆಸಕ್ತಿ ಇದ್ದಂತಿದೆ ಎಂದರು.

ಆಮೇಲೆ ಬಂದದ್ದು ಬರೀ ಆಘಾತಗಳ ಸಾಲು. ಮೊದಲನೆಯ ಸಭೆಯಲ್ಲೇ ಸಾಹೇಬರು, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲಿ, ತಾವು ಸತ್ತರೆ ಸಹಿ ಮಾಡುವವರು ಯಾರು, ಅವರೂ ಸತ್ತರೆ ಯಾರು ಎಂದು ಕೇಳಿದರು. ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಅಪಶಕುನವೆಂದು ಸೂಜಿಯ ಹೆಸರನ್ನೂ ಎತ್ತುವುದಿಲ್ಲ. ಇಲ್ಲಿ ನೋಡಿದರೆ ಹಾಡುಹಗಲೇ ನಮ್ಮನ್ನೆಲ್ಲ ಸಾಯುವ ಸರದಿಯಲ್ಲಿ ಕೂರಿಸಲಾಗುತ್ತಿತ್ತು. ಆಪತ್ಕಾಲಕ್ಕೆಂದು ಅಕ್ಕಿ, ಬೇಳೆ, ಸಾಬೂನು ಕೊಳ್ಳಲು ಬೇಗಂ ಬಜಾರಿಗೆ ಹೋದೆ. ಮೂಟೆಗಟ್ಟಲೆ ಸಾಮಾನು ಬರೆಸಿದ್ದನ್ನು ಕಂಡು ಅಂಗಡಿಯವನು, “ಶಾದಿ ಹೈ ಕ್ಯಾ ಸಾಬ್?” ಎಂದು ಸಂತೋಷದಿಂದ ವಿಚಾರಿಸಿದ. ಮದುವೆಯಲ್ಲ, ಜ್ವರ ಬರುವುದಿದೆ ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಮೇಲೆ ಒಂದು ಡಬ್ಬಿ ಕರ್ಪೂರವನ್ನು ಪುಕ್ಕಟೆಯಾಗಿ ಇಟ್ಟ. ಅದು ಮೂಸುವುದಕ್ಕೋ ಬೇರೆ ಕೆಲಸಕ್ಕೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಆಘಾತವನ್ನು ಸಾಹೇಬರು ಕೊನೆಗೆ ಇಟ್ಟುಕೊಂಡಿದ್ದರು. ಸಿದ್ಧತೆ ಮುಗಿದ ಮೇಲೆ ಒಂದು ದಿನ ತಾಲೀಮು. ನೌಕರನೊಬ್ಬನಿಗೆ ಜ್ವರ ಬಂದಿದೆ ಎಂದು ಸುಳ್ಳುಸುಳ್ಳೇ ಸಾರುವುದು, ಅವನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವುದು, ಉಳಿದವರು ಕಚೇರಿ ನಡೆಸುವುದು. ರಾಜಧಾನಿಯಿಂದ ಒಬ್ಬ ಮಹಿಳಾ ಅಧಿಕಾರಿ ಮುನ್ಸೂಚನೆಯಿಲ್ಲದೆ ಒಂದೊಂದು ವಿಭಾಗಕ್ಕೂ ಫೋನ್ ಮಾಡುತ್ತಾರೆ. ಒಂದು ಫೋನನ್ನು ಯಾರೂ ಎತ್ತದಿದ್ದರೂ ನಾವು ಫೇಲು; ಆಗ ನಮ್ಮ ಕೆಲಸವೆಲ್ಲ ಚೆನ್ನೈ ಕಚೇರಿಗೆ, ಕೆಲಸದ ಹಿಂದೆ ನಾವು. ಹೆಂಡತಿ ನಾಚಾರಂನ ಶಾಲೆಯಲ್ಲಿ ಟೀಚರು, ಮಗಳ ಕಾಲೇಜು ಇಲ್ಲಿ. ನಾನು ಹುಟ್ಟಿ ಬೆಳೆದದ್ದು ನಾಂಪಲ್ಲಿಯ ಸರಕಾರಿ ಕ್ವಾರ್ಟರ್ಸಿನಲ್ಲಿ. ತಮಿಳಿನಲ್ಲಿ ನೀರು ಕೇಳಲೂ ಬಾರದು.

ಅಂದಹಾಗೆ, ನಮ್ಮ ಮಂದಿಯ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು. ನಮ್ಮಜ್ಜ ಕಲಬುರಗಿ ಕಡೆಯಿಂದ ಇಲ್ಲಿಗೆ ಬರುವಾಗ ಏನು ತಂದರೋ ಬಿಟ್ಟರೋ, ಕಾಯಿಲೆ ಬಿದ್ದವರನ್ನು ನೋಡಿಬರುವ ಪದ್ಧತಿಯನ್ನಂತೂ ತಂದರು. ಈ ಊರೂ ಅದರಲ್ಲಿ ಕಡಿಮೆಯದಲ್ಲ. ಹಣ್ಣು ಹಿಡಿದು ಹೋಗಬೇಕು, ಹಾಸಿಗೆಯ ಅಂಚಿನ ಮೇಲೇ ಕೂರಬೇಕು, ಹಣೆ ಮುಟ್ಟಿ ನೋಡಬೇಕು, ಇದೇ ಕಾಯಿಲೆಯಿಂದ ತೀರಿಕೊಂಡ ತಮ್ಮ ನೆಂಟರೊಬ್ಬರನ್ನು ನೆನೆಯಬೇಕು. ನನ್ನ ಸೋದರತ್ತೆ, ತನಗೆ ಟೈಫಾಯ್ಡ್ ಆದಾಗ ಕಿರಿಯ ತಮ್ಮ ಹಣಿಕಿ ಹಾಕಲಿಲ್ಲವೆಂದು ಅವನ ಮಗನ ಮದುವೆಗೇ ಹೋಗಲಿಲ್ಲ. ಇಂಥ ವಂಶದಲ್ಲಿ ಹುಟ್ಟಿದ ನಾನು, ‘ರೋಗಿಯನ್ನು ನೋಡಲು ಯಾರೂ ಹೋಗಕೂಡದು’ ಎಂಬ ನಿಯಮವನ್ನು ಸ್ವಂತ ಕೈಯಿಂದ ಬರೆದು ಲಿಫ್ಟಿನ ಪಕ್ಕ ಅಂಟಿಸಿದೆ. ಅತ್ತೆ ಬದುಕಿಲ್ಲದ್ದು ಒಳ್ಳೆಯದಾಯಿತು ಎಂದುಕೊಂಡೆ.

ಸುಳ್ಳು ರೋಗಿಯಾಗಿ ಸಾಹೇಬರು ಆರಿಸಿದ್ದು ನನ್ನನ್ನು. ತಾಲೀಮಿನ ದಿನ ಬೆಳಿಗ್ಗೆ ನಾನು ಕೋಣೆಯಲ್ಲಿ ಹೊದ್ದು ಮಲಗಿದೆ. ಸ್ವಲ್ಪ ಹೊತ್ತಿಗೆ ಬಾಗಿಲ ಗಂಟೆ ಸದ್ದಾಯಿತು. ನಮ್ಮ ಡ್ರೈವರ್ ಖಲೀಲ್ ಭಾಯಿ ಎರಡೂ ಕೈಯಲ್ಲಿ ಎಳನೀರು ಹಿಡಿದು ಒಳಗೆ ಬಂದರು. ನಾನು ದಿಗಿಲುಬಿದ್ದು ಎದ್ದು ಕುಳಿತು, ಇದು ಸುಳ್ಳು ಜ್ವರ, ನಿಮಗೆ ಗೊತ್ತಿಲ್ಲವೇ ಎಂದೆ. ಅವರು ಹಾಸಿಗೆಯ ಅಂಚಿನ ಮೇಲೆ ಕೂತು ನನ್ನ ಹಣೆ ಮುಟ್ಟಿ, “ಝೂಟಾ ಬುಖಾರ್ ಹುವಾ ತೋ ಕ್ಯಾ ಸಾಬ್, ದೇಖ್ನೇ ಕೂ ತೋ ಆನಾ ಪಡ್ತಾ ನಾ,” ಎಂದರು. ಜ್ವರ ಸುಳ್ಳಾದರೇನು, ನೋಡಲು ಬರುವುದು ಸುಳ್ಳಾದೀತೇ ಎಂಬುದು ಅವರ ವಾದ. ಅವರ ಬೆನ್ನಿಗೇ ವೀಸಾ ವಿಭಾಗದ ಸ್ವರ್ಣಲತಾ ಗಾರು ದಾಳಿಂಬೆ ತಂದರು. ನಮ್ಮ ರಿಸೆಪ್ಷನಿಸ್ಟೂ ಬಂದಳು. ಎಲ್ಲರೂ ಒಂದೇ ಮಾತು ಹೇಳಿದರು: ಉಳಿದವರು ಕಚೇರಿಯಲ್ಲಿದ್ದಾರಲ್ಲ, ಒಂದು ನಿಮಿಷ ಬಂದೆ. ಶಾಲೆಗೆ ರಜೆ ಹಾಕಿದ್ದ ನನ್ನ ಹೆಂಡತಿ ಚುರುಮುರಿ ಕಲಸಿ ಚಹಾಕ್ಕೆ ಇಟ್ಟಳು. ಸ್ವರ್ಣಲತಾ ಅವರು ಜ್ವರದಲ್ಲಿ ಹೋದ ತಮ್ಮ ಚಿಕ್ಕಪ್ಪನ ಕಥೆ ಶುರು ಮಾಡಿದರು.

ಅಷ್ಟರಲ್ಲಿ ನನ್ನ ಮೊಬೈಲು ರಿಂಗಾಯಿತು. ರೋಗಿಗೆ ತ್ರಾಸಾಗಬಾರದೆಂದು ಖಲೀಲ್ ಭಾಯಿಯೇ ಎತ್ತಿಕೊಂಡರು. ಆ ಕಡೆ ಇದ್ದವರು, ಅಂದು ತಮ್ಮ ಮನೆಯಿಂದಲೇ ತಾಲೀಮು ನಡೆಸುತ್ತಿದ್ದ ಸಾಹೇಬರು. ಮನೆಯಲ್ಲಿ ಮತ್ತೆ ಯಾರು ಯಾರಿದ್ದಾರೆ ಎಂದು ಕೇಳಿದರಂತೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಖಲೀಲ್ ಭಾಯಿ ಫೋನನ್ನು ಒಬ್ಬೊಬ್ಬರ ಕೈಗೂ ಕೊಟ್ಟರು. ಎಲ್ಲರೂ ಮರ್ಯಾದೆಯಿಂದ ನಮಸ್ಕಾರ ಹೇಳಿದರು. ಕಣ್ಣೆದುರು ಚೆನ್ನೈ ಕಾಣಿಸಿತು. ಅಂಥ ಹೊತ್ತಿನಲ್ಲೂ ನಾನು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದುದು ಹೆಂಡತಿಗೆ ಗೊತ್ತಾಯಿತು.

“ಬಾಗಲಾ ಯಾಕ ನೋಡಾಕತ್ತೀರಿ? ಎಲ್ಲಾರೂ ಬಂದಾರಲ್ಲ.”

“ಕುಲಕರ್ಣಿ ಬಂದಿಲ್ಲ,” ಎಂದೆ.

ಕುಲಕರ್ಣಿ ಎಂದರೆ ನಮ್ಮ ಲೆಕ್ಕಪತ್ರ ವಿಭಾಗದವರು, ಬೀದರಿನವರು. ವರ್ಷಗಟ್ಟಲೆ ನನ್ನ ಪಕ್ಕದ ಮೇಜಿನಲ್ಲಿ ಕೂತು ನನ್ನ ಡಬ್ಬಿಯ ಶೇಂಗಾ ಚಟ್ನಿ ತಿಂದ ಮನುಷ್ಯ. ಅವರೊಬ್ಬರು ಬರಲಿಲ್ಲ.

ಮರುದಿನ ರಾಜೀನಾಮೆಯ ಮುಖ ಹೊತ್ತು ಕಚೇರಿಗೆ ಹೋದೆ. ಸಾಹೇಬರು ಮೊಣಕೈಗೆ ಮೊಣಕೈ ತಾಗಿಸಿ ಅಭಿನಂದಿಸಿದರು. ನಾವು ಪಾಸಾಗಿದ್ದೆವು. ವೀಸಾ ವಿಭಾಗಕ್ಕೆ ಬಂದ ಫೋನು, ರಿಸೆಪ್ಷನ್ನಿಗೆ ಬಂದದ್ದು, ಕಾರ್ ಶೆಡ್ಡಿಗೆ ಬಂದದ್ದು, ಎಲ್ಲವನ್ನೂ ಯಾರೋ ಎತ್ತಿ ಉತ್ತರ ಕೊಟ್ಟಿದ್ದರು. ಎಲ್ಲ ಕಡೆಯೂ ದನಿ ಒಂದೇ ಇತ್ತೆಂದು ರಾಜಧಾನಿಯ ಅಧಿಕಾರಿಗೆ ಸಂಶಯ ಬಂದರೂ, ಇಡೀ ಸಿಬ್ಬಂದಿಯೇ ಜ್ವರದಿಂದ ಮಲಗಿದೆ ಎಂದುಕೊಂಡು, ಒಬ್ಬನೇ ಕಚೇರಿ ನಡೆಸಿದ್ದು ಅವರಿಗೆ ಬಹಳ ಹಿಡಿಸಿತಂತೆ. ನಾನು ದಂಗಾಗಿ ಕುಲಕರ್ಣಿಯವರ ಮೇಜಿನ ಹತ್ತಿರ ಹೋದೆ. ಅವರು ಫೋನಿಂದ ಫೋನಿಗೆ, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಇಳಿದು ಹಿಡಿದ ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. ಥ್ಯಾಂಕ್ಸ್ ಹೇಳಬೇಕೆಂದೇ ಹೋಗಿದ್ದೆ. ಬಾಯಿಂದ ಬಂದದ್ದು ಬೇರೆ.

“ನೀವೊಬ್ರು ಬರ್ಲಿಲ್ಲ ನೋಡ್ರಿ.”

“ಬರಬಾರ್ದು ಅಂತ ನೀವ ಬರದು ಹಚ್ಚೀರಲ್ರಿ.”

“ಒಂದು ಫೋನರ ಮಾಡಬೇಕಿತ್ತಲ್ರಿ.”

“ಎಲ್ಲಾರೂ ನಿಮ್ಮ ಮನ್ಯಾಗ ಚಾ ಕುಡ್ಯಾಕತ್ತಿದ್ರು,” ಎಂದರು ಅವರು, ಮುಲಾಮಿನ ಮುಚ್ಚಳ ಹಾಕುತ್ತ. “ಇಲ್ಲಿ ಬಂದಿದ್ ಫೋನ್ ಎತ್ತೋದ್ರಾಗ ನನಗ ಮಾಡ್ಲಿಕ್ಕೆ ಪುರಸೊತ್ತು ಎಲ್ಲಿತ್ರಿ?”

ಮಾತು ನ್ಯಾಯವಾಗಿತ್ತು. ನಿಯಮ ನನ್ನದು, ಪಾಲಿಸಿದವರು ಅವರೊಬ್ಬರೇ, ಚೆನ್ನೈಯಿಂದ ಪಾರಾದದ್ದು ನಾನು. ಸಂಜೆ ಇದನ್ನೆಲ್ಲ ಕೇಳಿ ಹೆಂಡತಿಗೆ ಕಣ್ಣಲ್ಲಿ ನೀರು ಬಂತು. ಅಂಥ ಮನುಷ್ಯನನ್ನು ಈ ಭಾನುವಾರವೇ ಊಟಕ್ಕೆ ಕರೆಯಬೇಕು, ಹೋಳಿಗೆ ಮಾಡುತ್ತೇನೆ ಎಂದಳು. ನಾನು ಪೂರ್ತಿ ಒಪ್ಪಿದೆ.

“ಕರಿಯೋಣು,” ಎಂದೆ. “ಮದಲ ಅವ್ರು ಬಂದು ನನ್ನ ಜ್ವರಾ ವಿಚಾರಿಸಿ ಹೋಗ್ಲಿ.”